ಮೆಣಸಿನಕಾಯಿ ಬೀಜದ ಬಾಣಂತನ

ಪಂಚಾಕ್ಷರಯ್ಯನವರು ಆಂಧ್ರದ ಆದವಾನಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದವರು. ಅಷ್ಟು ವರ್ಷದಲ್ಲಿ ಅವರು ಲಾರಿಗಟ್ಟಲೆ ಹತ್ತಿಯ ಬೇಲುಗಳ ಮೇಲೆ ನಂಬರು ಬರೆಸಿದ್ದುಂಟು, ಒಂದು ಗಿಡಕ್ಕೆ ಒಂದು ಚೊಂಬು ನೀರು ಹಾಕಿದ್ದಿಲ್ಲ. ಅಂಗಳದ ಕಣಗಿಲೆ ಬದುಕಿರುವುದು ಅವರ ಹೆಂಡತಿ ಮಹಾಂತಮ್ಮನ ಕೃಪೆಯಿಂದ. ಆದರೆ ಹತ್ತಿಯ ಪಕ್ಕದಲ್ಲಿ ಇಷ್ಟು ವರ್ಷ ಕೂತವನಿಗೆ ಬೇಸಾಯ ತಾನಾಗಿಯೇ ಬಂದುಬಿಡುತ್ತದೆ ಎಂಬುದು ಅಯ್ಯನವರ ದೃಢವಾದ ನಂಬಿಕೆ. ಈ ಲೆಕ್ಕದಲ್ಲಿ ಬ್ಯಾಂಕಿನ ಕಾವಲುಗಾರ ಕೋಟ್ಯಧೀಶನಾಗಬೇಕಿತ್ತು. ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ಯಾರಿಗಿದೆ?

ಕಾರ್ತಿಕದ ಒಂದು ಸೋಮವಾರ ಗಂಡಹೆಂಡತಿ ಕೌತಾಳಂಗೆ ಹೋಗಿದ್ದರು. ಅಲ್ಲಿ ಮಹಾಂತಮ್ಮನ ತವರು. ತಮ್ಮ ಸೋಮೇಶ್ ಎಂಟು ಎಕರೆಯಲ್ಲಿ ಮೆಣಸಿನಕಾಯಿ ಬೆಳೆಯುವ ರೈತ. ಊಟಕ್ಕೆ ಕೂತಾಗ ಅವನು, ಈ ಸಲ ನರ್ಸರಿಯಿಂದ ತಂದ ಸಸಿ ಅರ್ಧಕ್ಕರ್ಧ ಸತ್ತವು ಎಂದು ಮಾತು ತೆಗೆದ. ಗ್ರಹಚಾರ ನೋಡಿ, ಬೇರೆ ಮಾತೇ ಸಿಗಲಿಲ್ಲ ಅವನಿಗೆ.

"ನರ್ಸರಿಗೆ ಯಾಕ ಹೋಗ್ತಿ?" ಎಂದರು ಅಯ್ಯನವರು. "ಮನ್ಯಾಗ ಬೀಜ ಮೊಳಕಿ ಒಡಸಬೇಕು. ಒಂದು ಕೋಣಿ ಇದ್ರ ಸಾಕು. ಎಲ್ಲಾ ಸೈಂಟಿಫಿಕ್ ಐತಿ."

"ಯಾರು ಒಡಸ್ತಾರ ಬಾವಾ?"

"ನಾ ಒಡಸ್ತೀನಿ. ಮುಂದಿನ ಹಂಗಾಮಿಗೆ ನಿನ್ನ ಎಂಟು ಎಕರೆಗೂ ಸಸಿ ನಂದು."

ಸೋಮೇಶ್ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ನಕ್ಕ. "ಎಂಟು ಎಕರೆ ಬ್ಯಾಡ ಬಾವಾ. ಒಂದ, ಬರೇ ಒಂದ ಬೀಜ ಮೊಳಕಿ ಒಡಸ್ರಿ. ಊರ ಮುಂದ ನಿಮ್ಮ ಕಾಲಿಗೆ ಬೀಳ್ತೀನಿ."

ಅಡುಗೆಮನೆಯ ಬಾಗಿಲ ಹಿಂದೆ ಹೆಂಗಸರೂ ನಕ್ಕರು. ಅದರಲ್ಲಿ ಒಂದು ನಗು ಮಹಾಂತಮ್ಮನದು. ಇಪ್ಪತ್ತೊಂಬತ್ತು ವರ್ಷ ಕೇಳಿದ ನಗು, ಗೋಡೆಯ ಆಚೆಯಿಂದಲೂ ಗುರುತು ಹತ್ತುತ್ತದೆ. ಸೋಮೇಶ ನಕ್ಕದ್ದು ಅಯ್ಯನವರಿಗೆ ಏನೂ ಅನ್ನಿಸಲಿಲ್ಲ, ಈ ನಗು ಮಾತ್ರ ಎದೆಗೆ ನಾಟಿತು.

ಅದಾದ ಮೇಲೆ ಮೂರು ದಿನ ಅವರು ಫೋನು ಬಿಟ್ಟು ಏಳಲಿಲ್ಲ. ತೆಲುಗಿನಲ್ಲಿ ಗಡ್ಡದವನೊಬ್ಬ ಮನೆಯೊಳಗೆ ಬೀಜ ಮೊಳೆಸುವುದು ಹೇಗೆಂದು ಹೇಳುತ್ತಿದ್ದ. ಬೀಜವನ್ನು ಹಳೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಒದ್ದೆಯಾಗಿಡಬೇಕು, ಬೆಚ್ಚಗಿಡಬೇಕು, ಕತ್ತಲಿರಬೇಕು, ತಣ್ಣನೆಯ ಗಾಳಿ ಸೋಕಬಾರದು, ಗಳಿಗೆಗೊಮ್ಮೆ ತೆರೆದು ನೋಡಬಾರದು. ಅಯ್ಯನವರು ಇದನ್ನೆಲ್ಲ ಹಳೆಯ ಪ್ರೆಸ್ಸಿನ ಡೈರಿಯಲ್ಲಿ ನಕಲು ಮಾಡಿಕೊಂಡರು. ನಾಲ್ಕನೆಯ ದಿನ, ಅಂದರೆ ಶುಕ್ರವಾರ, ಮಹಾಂತಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅಡುಗೆಮನೆಯ ಮೇಲಿನ ಹಲಗೆಯಿಂದ ಒಂದು ಡಬ್ಬಿ ಇಳಿಸಿ, ಕೆಂಪಗೆ ಮಿರಮಿರ ಮಿಂಚುತ್ತಿದ್ದ ಮೆಣಸಿನಕಾಯಿಗಳನ್ನು ಆರಿಸಿ ಆರಿಸಿ ಸೀಳಿದರು. ಮಿಂಚುವ ಕಾಯಿ ಉತ್ತಮ ತಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಅವರದೇ ಸಂಶೋಧನೆ. ಮೆತ್ತನೆ ಬಟ್ಟೆ ಬೇಕಲ್ಲ, ಟ್ರಂಕಿನಲ್ಲಿದ್ದ ಹೆಂಡತಿಯ ಹಳೆಯ ನೂಲಿನ ಸೀರೆಯನ್ನು ಕತ್ತರಿಸಿ ಗೇಣಗಲದ ಚೌಕಗಳನ್ನು ಮಾಡಿದರು.

ಮಹಾಂತಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದವರು ಮೊದಲು ಸೀರೆ ನೋಡಿದರು, ಆಮೇಲೆ ಡಬ್ಬಿ ನೋಡಿದರು.

"ಆ ಸೀರಿ ನಮ್ಮವ್ವ ಉಟ್ಟಿದ್ದು," ಎಂದರು. "ಅದು ಹೋಗ್ಲಿ, ಯಾವ ಡಬ್ಬಿ ತೆಗೆದ್ರಿ ನೀವು? ಆ ಕಾಯಿ..."

"ನಿನಗೇನು ಗೊತ್ತು ಬೀಜದ ವಿಚಾರ? ಸುಮ್ಕಿರು," ಎಂದರು ಅಯ್ಯನವರು. ಕೌತಾಳಂನಲ್ಲಿ ನುಂಗಿದ್ದನ್ನು ಈಗ ಉಗುಳಿದರು ಅಷ್ಟೆ.

ಮಹಾಂತಮ್ಮ ತೆರೆದ ಬಾಯಿ ಮುಚ್ಚಿದರು. ಆಮೇಲೆ ಬಹಳ ತಣ್ಣಗೆ ಹೇಳಿದರು: "ಸರಿ. ನನಗೇನೂ ಗೊತ್ತಿಲ್ಲ. ಈ ಬೀಜದಾಗ ಒಂದು ಮೊಳಕಿ ಒಡದ ದಿನ ಫೋನ್ ಮಾಡ್ರಿ, ಬರ್ತೀನಿ." ಚೀಲಕ್ಕೆ ನಾಲ್ಕು ಸೀರೆ ತುರುಕಿ, ಹಿಂದಿನ ಓಣಿಯಿಂದ ಹೋಗಿ, ಹತ್ತೂವರೆಯ ಕೌತಾಳಂ ಬಸ್ಸು ಹತ್ತಿದರು. ಓಣಿಯಲ್ಲಿ ಯಾರೂ ನೋಡಲಿಲ್ಲ. ಆ ಹೊತ್ತಿಗೆ ನಲ್ಲಿಗೆ ನೀರು ಬಂದಿತ್ತು, ಎಲ್ಲರೂ ಮುಂದಿನ ಬೀದಿಯಲ್ಲಿದ್ದರು.

ಬೇರೆ ಗಂಡಸಾಗಿದ್ದರೆ ಮುಂದಿನ ಬಸ್ಸಿಗೆ ಹೋಗಿ ಕರೆತರುತ್ತಿದ್ದ. ಅಯ್ಯನವರು ಹಾಗಲ್ಲ. ಒಂದು ಮೊಳಕೆ ಬಂದರೆ ಹೆಂಡತಿಯೂ ಬರುತ್ತಾಳೆ, ಸೋಮೇಶನೂ ಕಾಲಿಗೆ ಬೀಳುತ್ತಾನೆ, ಎರಡು ಕೆಲಸ ಒಂದೇ ಖರ್ಚಿನಲ್ಲಿ ಆಗುತ್ತದೆ. ಅಲ್ಲಿಯವರೆಗೆ ಓಣಿಗೆ ವಿಷಯ ತಿಳಿಯಬಾರದು. ಹೆಂಡತಿ ಬಿಟ್ಟುಹೋದಳೆಂದರೆ ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ತಲೆಯೆತ್ತಿ ಕೂರಲಾದೀತೇ?

ನಡುಮನೆಯ ಪಕ್ಕದ ಕೋಣೆಯನ್ನು ಬೀಜಕ್ಕೆ ಗೊತ್ತು ಮಾಡಿದರು. ಕಿಟಕಿಗೆ ದುಪ್ಪಟಿ ಬಡಿದರು. ಒದ್ದೆ ಬಟ್ಟೆಯಲ್ಲಿ ಬೀಜಗಳನ್ನು ಸುತ್ತಿ, ಅಳತೆಗೆ ಸರಿಯಾಗಿ ಸಿಕ್ಕಿದ್ದು ಬಿದಿರಿನ ಮೊರವಾದ್ದರಿಂದ ಮೊರದಲ್ಲಿಟ್ಟು, ಮೊರವನ್ನು ಮಂಚದ ಮೇಲಿಟ್ಟರು. ಮಂಚದ ಕೆಳಗೆ ಕೆಂಡದ ಶೆಗಡಿ. ಇರುವೆ ಬಂದಾವೆಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮೂರನೆಯ ದಿನ ಬಟ್ಟೆಯಿಂದ ಬೂಸಲು ವಾಸನೆ ಬಂತು, ಸಾಂಬ್ರಾಣಿ ಹಾಕಿದರು. ದಿನಾ ಬೆಳಿಗ್ಗೆ ಬಟ್ಟೆ ಬದಲಾಯಿಸಿ, ಹಳೆಯ ಚೌಕಗಳನ್ನು ಬಿಸಿನೀರಲ್ಲಿ ಹಿಂಡಿ ಮಾಳಿಗೆಯ ತಂತಿಯ ಮೇಲೆ ಸಾಲಾಗಿ ಒಣಹಾಕಿದರು. ಹೆಂಡತಿ ಮನೆಯಲ್ಲೇ ಇದ್ದಾಳೆಂದು ತೋರಿಸಲು ಪಕ್ಕದಲ್ಲಿ ಆಕೆಯದೊಂದು ಸೀರೆಯನ್ನೂ ತೊಯ್ಸಿ ಹಾಕಿದರು. ಈ ಕೊನೆಯ ಉಪಾಯಕ್ಕೆ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಕೋಸಗಿಯ ಕಡೆಯ ಕುರಿಗಾರ ಉಚ್ಚೀರಪ್ಪ ಕಂಬಳಿ ಹೊತ್ತು ಮಾರಲು ಓಣಿಗೆ ಬಂದದ್ದು ಐದನೆಯ ದಿನ. ಅಯ್ಯನವರು ಕರೆದರು.

"ದೊಡ್ಡದು ಬ್ಯಾಡ. ಇಷ್ಟಿದ್ರ ಸಾಕು," ಎಂದು ಎರಡು ಕೈ ಅಗಲಿಸಿ ಮೊರದ ಅಳತೆ ತೋರಿಸಿದರು.

ಉಚ್ಚೀರಪ್ಪ ಕೈಗಳ ನಡುವಿನ ಜಾಗ ನೋಡಿದ. ಬಾಗಿಲ ಬೇವು ನೋಡಿದ. ಮೂಗರಳಿಸಿ ಸಾಂಬ್ರಾಣಿ ಕುಡಿದ. "ಮೆತ್ತಂದು ಕೊಡ್ತೀನ್ರಿ, ಕುರಿಮರಿ ಉಣ್ಣಿದು. ಚುಚ್ಚಂಗಿಲ್ಲ," ಎಂದು ಹೇಳಿ, ಕೇಳಿದ್ದಕ್ಕಿಂತ ಕಡಿಮೆ ರೇಟಿಗೆ ಕೊಟ್ಟು, ಕೈ ಮುಗಿದು ಎದುರು ಮನೆಗೆ ಮಜ್ಜಿಗೆ ಕುಡಿಯಲು ಹೋದ.

ಎದುರು ಮನೆ ಗುರುಲಿಂಗಮ್ಮನವರದು. ಎಪ್ಪತ್ತು ಮುಟ್ಟುತ್ತಿರುವ ಆಕೆ ತಾವು ಐದು ಹೆತ್ತು, ಓಣಿಯ ಮೂವತ್ತು ಬಾಣಂತನಗಳಿಗೆ ಮೇಸ್ತ್ರಿಯಾದವರು. ಎರಡು ದಿನದಿಂದ ಮಾಳಿಗೆಯ ಮೇಲಿನ ಚೌಕ ಬಟ್ಟೆಗಳನ್ನು ನೋಡಿ ಒಳಗೊಳಗೇ ಕುದಿಯುತ್ತಿದ್ದರು. ಈಗ ಸಾಕ್ಷಿಯೇ ಬಂದು ಮಜ್ಜಿಗೆ ಕೇಳಿತು. ಆಕೆ ಸೆರಗು ಕಟ್ಟಿ ನೇರ ಅಯ್ಯನವರ ಜಗಲಿಗೆ ಬಂದರು.

"ಮಹಾಂತಮ್ಮ ಕಾಣವಲ್ಲಳಲ್ರಿ?"

"ಒಳಗ ಮಲಗ್ಯಾಳ," ಎಂದರು ಅಯ್ಯನವರು. ಈ ಪ್ರಶ್ನೆಗೆ ಉತ್ತರ ತಯಾರಿತ್ತು.

"ಆರಾಮ ಇಲ್ಲೇನು?"

"ಆರಾಮ ಅದಾಳ. ಎದ್ದು ಓಡಾಡಬಾರದು, ಅಷ್ಟ."

"ನಾ ಒಂದು ಸಲ ನೋಡಿ ಬರ್ತೀನಿ."

"ಬ್ಯಾಡ್ರಿ. ಬಾಗಿಲ ತೆಗದ್ರ ಗಾಳಿ ಆಡ್ತೈತಿ."

ಅಯ್ಯನವರ ತಲೆಯಲ್ಲಿ ಇದ್ದದ್ದು ಒಂದೇ: ಈ ಮುದುಕಿ ಒಳಗೆ ಹೋದರೆ ಹೆಂಡತಿ ಇಲ್ಲದ್ದು ಗೊತ್ತಾಗುತ್ತದೆ. ಗುರುಲಿಂಗಮ್ಮ ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟರು. ಕತ್ತಲಲ್ಲಿ ಶೆಗಡಿಯ ಕೆಂಪು, ಮಂಚದ ಮೇಲೆ ಮೊರ, ಮೊರದ ಮೇಲೆ ಪುಟ್ಟ ಕಂಬಳಿ. ನಮ್ಮ ಕಡೆ ಹುಟ್ಟಿದ ಕೂಸನ್ನು ಮೊದಲು ಮೊರದಲ್ಲಿ ಮಲಗಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೆಣಸಿನಕಾಯಿ ಬೀಜವನ್ನು ಮೊರದಲ್ಲಿ ಮಲಗಿಸಿ ಕಂಬಳಿ ಹೊದಿಸುವುದು ಮಾತ್ರ ಯಾರಿಗೂ ಗೊತ್ತಿಲ್ಲದ್ದು. ಆಕೆ ಎರಡು ಹೆಜ್ಜೆ ಹಿಂದೆ ಸರಿದು, ಅಯ್ಯನವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಆತು ಬಿಡ್ರಿ. ದೇವರು ಕೊಟ್ಟಿದ್ದು," ಎಂದು ಹೊರಟುಹೋದರು.

ಮಹಾಂತಮ್ಮನಿಗೆ ಐವತ್ತೆರಡು. ಗುಂತಕಲ್ಲಿಗೆ ಕೊಟ್ಟ ಮಗಳ ಮಗ ಎರಡನೆಯ ಕ್ಲಾಸು. ಆದರೆ ಇದು ಓಣಿಯ ತೀರ್ಮಾನಕ್ಕೆ ಅಡ್ಡ ಬರಲಿಲ್ಲ. ಈಗೆಲ್ಲ ಇಂಜೆಕ್ಷನ್ ಕೊಟ್ಟು ಮಾಡುತ್ತಾರಂತೆ ಎಂದು ಒಬ್ಬರು, ಅದಕ್ಕೇ ಆಕೆ ವರ್ಷದಿಂದ ದಪ್ಪಗಾಗಿದ್ದು ಎಂದು ಇನ್ನೊಬ್ಬರು, ನಾಚಿಕೆಗೆ ಯಾರಿಗೂ ಹೇಳಿಲ್ಲ ಪಾಪ ಎಂದು ಮತ್ತೊಬ್ಬರು ಹೇಳಿ, ಸಂಜೆಯೊಳಗೆ ಕೇಸು ಮುಗಿಯಿತು.

ಮರುದಿನದಿಂದ ಅಯ್ಯನವರ ಜಗಲಿಗೆ ಪಾತ್ರೆಗಳು ಬರತೊಡಗಿದವು. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಸಬ್ಬಸಿಗೆ ಪಲ್ಯ, ತುಪ್ಪ ಸುರಿದ ಮೆತ್ತನೆ ಅನ್ನ, ಮೇಲೆ ಅಂಟಿನ ಉಂಡೆಯ ಡಬ್ಬಿ. "ಮಹಾಂತಮ್ಮಗ ಕೊಡ್ರಿ, ಬಿಸಿ ಇರ್ತನ ಉಣ್ಣಲಿ," ಎಂದು ಇಟ್ಟು ಹೋಗುವರು. ಅಯ್ಯನವರು ಐದು ದಿನದಿಂದ ತಾವೇ ಮಾಡಿದ ಉಪ್ಪಿಟ್ಟು ತಿಂದವರು. ಅದರ ಗಂಟು ಒಡೆಯಲು ಹಲ್ಲು ಬೇಕಿತ್ತು, ಉಪ್ಪು ಇರಲಿಲ್ಲ. ಹೆಂಡತಿಯ ಆರೋಗ್ಯ ವಿಚಾರಿಸಿ ಜನ ಊಟ ತಂದರೆ ಬೇಡ ಎನ್ನುವುದು ಸಂಸ್ಕಾರವಲ್ಲ. ಬಾಗಿಲು ಹಾಕಿಕೊಂಡು ಕೂತು ಅವರೇ ಉಂಡರು. ವಾರದೊಳಗೆ ಅವರ ಗಲ್ಲ ತುಂಬಿಕೊಂಡಿತು, ಮುಖಕ್ಕೆ ಒಂದು ಕಳೆ ಬಂತು. ಬಾಣಂತನ ಯಾರಿಗೆ ಮಾಡಿದರೂ ಹತ್ತುತ್ತದೆ ಅನ್ನುವುದಕ್ಕೆ ಅವರೇ ಪುರಾವೆ.

ಆದರೆ ಉಂಡು ಕೈ ತೊಳೆದ ಮೇಲೆ ಮನೆ ಭಣಭಣ ಅನ್ನುತ್ತಿತ್ತು. ಸಾರು ಚೆನ್ನಾಗಿದೆ ಎಂದು ಹೇಳಲು ಯಾರೂ ಇರಲಿಲ್ಲ. ದಿನಕ್ಕೆ ನಾಲ್ಕು ಸಲ ಕಂಬಳಿ ಎತ್ತಿ ನೋಡುತ್ತಿದ್ದರು. ಬೀಜಗಳು ಇಟ್ಟ ಹಾಗೆಯೇ ಇದ್ದವು, ಒಂದಕ್ಕೂ ಕರುಣೆ ಇಲ್ಲ.

ವಿಷಯ ಏನೆಂದು ಅವರಿಗೆ ತಿಳಿದದ್ದು ಹನ್ನೊಂದನೆಯ ದಿನ, ಮಾರ್ಕೆಟ್ ಯಾರ್ಡಿನ ಎದುರಿನ ಚಹಾದಂಗಡಿಯಲ್ಲಿ. ಅವರ ಜೊತೆ ಕೆಲಸ ಮಾಡಿ ನಿವೃತ್ತರಾದ ಮರಿಬಸಪ್ಪ ಎದ್ದು ನಿಂತು, ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಹತ್ತಿ ವ್ಯಾಪಾರಿಗಳು ನಾಲ್ವರು ಮಾತು ನಿಲ್ಲಿಸಿ ನೋಡಿದರು.

"ಗಂಡೋ ಹೆಣ್ಣೋ?" ಮರಿಬಸಪ್ಪ ಕೇಳಿದರು.

"ಏನು?"

"ನಮ್ಮ ಹತ್ರ ಯಾಕ ಮುಚ್ಚತೀರಿ? ಆದವಾನಿಗೆಲ್ಲ ಗೊತ್ತೈತಿ. ಮಹಾಂತಮ್ಮೋರು ಹಡದಾರಂತ. ಮನ್ಯಾಗ ಬಾಣಂತಿ ಅದಾಳ, ಕೂಸು ಮೊರದಾಗ ಮಲಗೈತಿ, ಗುರುಲಿಂಗಮ್ಮ ಕಣ್ಣಾರೆ ನೋಡ್ಯಾಳ." ಆಮೇಲೆ ದನಿ ತಗ್ಗಿಸಿದರು. "ನಿಮಗ ಅರವತ್ತಕ್ಕ ಒಂದು ಕಮ್ಮಿ ಅಲ್ಲೇನು? ಏನು ತಗೊಳ್ತೀರಿ? ಲೇಹ್ಯನ? ನನಗೂ ಸ್ವಲ್ಪ ಹೇಳ್ರಿ, ಯಾರಿಗೂ ಹೇಳಂಗಿಲ್ಲ."

ಅಯ್ಯನವರು ಚಹಾದ ಲೋಟ ಕೆಳಗಿಟ್ಟರು. ಅದು ಸುಳ್ಳು ಎನ್ನಲು ಬಾಯಿ ತೆರೆದರು. ಸುಳ್ಳು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಮತ್ತೆ ಮಹಾಂತಮ್ಮ ಎಲ್ಲಿ? ಎರಡೂ ಪಕ್ಷಗಳನ್ನು ಮನಸ್ಸಿನಲ್ಲಿ ತೂಗಿದರು. ಹೆಂಡತಿ ಬಿಟ್ಟುಹೋದಳು ಎನ್ನುವ ಗಂಡಸು ಒಂದು ಕಡೆ, ಐವತ್ತೊಂಬತ್ತಕ್ಕೆ ತಂದೆಯಾದ ಗಂಡಸು ಇನ್ನೊಂದು ಕಡೆ. ಎದುರು ಬೆಂಚಿನಲ್ಲಿ ನಾಲ್ವರು ವ್ಯಾಪಾರಿಗಳು ಭಯಭಕ್ತಿಯಿಂದ ನೋಡುತ್ತಿದ್ದರು. ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ದುಡಿದರೂ ಯಾವ ವ್ಯಾಪಾರಿಯೂ ಅವರನ್ನು ಹಾಗೆ ನೋಡಿರಲಿಲ್ಲ.

"ಎಲ್ಲಾ ಶಿವನ ಇಚ್ಛಾ," ಎಂದು ಅಯ್ಯನವರು ಮೀಸೆ ಒರೆಸಿಕೊಂಡರು.

ಅಷ್ಟಕ್ಕೇ ನಿಂತಿದ್ದರೆ ದಕ್ಕುತ್ತಿತ್ತು. ಆದರೆ ಈ ದೇಶದಲ್ಲಿ ಮಗು ಹುಟ್ಟಿದರೆ ಅದು ಬರೀ ಅಪ್ಪ ಅಮ್ಮನಿಗೆ ಸೇರಿದ್ದಲ್ಲ. ಮರುದಿನ ಮಧ್ಯಾಹ್ನ ವಾರ್ಡಿನ ಆಶಾ ಕಾರ್ಯಕರ್ತೆ ಪದ್ಮಜಾ ಬಂದಳು. ತೆಲುಗು ಮನೆಮಾತಿನ ಹುಡುಗಿ, ಓಣಿಯ ಕನ್ನಡವನ್ನು ಅದರಲ್ಲೇ ಕಲಸಿ ಮಾತಾಡುತ್ತಾಳೆ. ಕಣ್ಣು ತುಂಬಿಕೊಂಡಿದ್ದಳು.

"ಏಂ ಸಾರ್ ಇದು? ನನ್ನ ಏರಿಯಾದಾಗ, ನನಗ ತಿಳೀದಂಗೆ, ಡೆಲಿವರಿ ಎಲಾ ಆತು? ಒಂಬತ್ತು ತಿಂಗಳು ನಾ ಎಲ್ಲಿದ್ದೆ ಅಂತ ಮೇಡಂ ಕೇಳ್ತಾರು. ಏಂ ಚೆಪ್ಪಾಲಿ ನಾನು?"

ಅಯ್ಯನವರಿಗೆ ಪಾಪ ಅನ್ನಿಸಿತು. ಈ ಹುಡುಗಿಯ ತಪ್ಪಿಲ್ಲವೆಂದು ಆಗಬೇಕು, ತಮ್ಮ ಮಾತೂ ಉಳಿಯಬೇಕು. "ನಿನ್ನ ಏರಿಯಾದಾಗ ಆಗಿಲ್ಲವ್ವ," ಎಂದರು. "ಕೌತಾಳದಾಗ ಆಗೈತಿ. ತವರುಮನಿ. ನಮ್ಮ ಸೋಮೇಶನ ಮನ್ಯಾಗ."

ಪದ್ಮಜಾಳ ಮುಖ ಅರಳಿತು. ಅಂಗಳದಲ್ಲೇ ನಿಂತು ಕೌತಾಳಂನ ಆಶಾ ಕಾರ್ಯಕರ್ತೆಗೆ ಫೋನು ಹಚ್ಚಿ, ತನ್ನ ಮೇಲೆ ಬಂದ ಬೈಗುಳವನ್ನೆಲ್ಲ ಅವಳಿಗೆ ದಾಟಿಸಿದಳು. ಹೋಗುವಾಗ, "ಇವತ್ತು ತಕ್ಕಡಿ ತಂದಿಲ್ಲ, ಬಾಣಂತಿನ ಆಮೇಲೆ ಬಂದು ನೋಡ್ತೀನಿ ಸಾರ್. ತೊಟ್ಟಿಲ ದಿನ ತಪ್ಪದಂಗೆ ಬರ್ತೀನಿ, ಕೂಸಿನ ತೂಕ ನೋಡಬೇಕು," ಎಂದಳು.

"ಯಾವ ತೊಟ್ಟಿಲ?"

"ಗುರುಲಿಂಗಮ್ಮಗಾರು ಚೆಪ್ಪಿದರಲ್ಲ. ಹದಿಮೂರನೇ ದಿನ. ಬರೋ ಸೋಮವಾರ."

ಅಯ್ಯನವರು ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ದಿನ ಎಣಿಸಿದರು.

ಆ ಐದಾರು ದಿನ ಅವರು ಪಟ್ಟ ಪಾಡು ಶತ್ರುವಿಗೂ ಬೇಡ. ಬೀಜಗಳಿಗೆ ಕೈ ಮುಗಿದರು. ಶೆಗಡಿಗೆ ಇನ್ನಷ್ಟು ಕೆಂಡ ಹಾಕಿದರು. ಒಂದು, ಬರೇ ಒಂದು ಮೊಳಕೆ ಬಂದರೆ ಫೋನು ಮಾಡಿ ಹೆಂಡತಿಯನ್ನು ಕರೆಸಿ, ಆಮೇಲೆ ಕೂಸಿನದು ಏನಾದರೂ ಮಾಡಬಹುದು. ಕೂಸಿನದು ಏನು ಮಾಡುವುದು ಎಂದು ಯೋಚಿಸಿದಾಗ ಬೆವರು ಬರುತ್ತಿತ್ತು. ಫೋನು ಕೈಗೆತ್ತಿಕೊಳ್ಳುವರು, ಮಹಾಂತಮ್ಮನ ಹೆಸರು ತೆಗೆಯುವರು, ಏನೆಂದು ಹೇಳುವುದು ಎಂದು ತಿಳಿಯದೆ ಇಟ್ಟುಬಿಡುವರು.

ಸೋಮವಾರ ಬಂತು. ಗುರುಲಿಂಗಮ್ಮ ಬಣ್ಣ ಬಳಿಸಿದ ತೊಟ್ಟಿಲನ್ನು ಇಬ್ಬರು ಹಮಾಲರ ಕೈಲಿ ಹೊರಿಸಿಕೊಂಡು ಬಂದರು. ಹಿಂದೆ ಓಣಿಯ ಹದಿನೈದು ಹೆಂಗಸರು, ಕೈಯಲ್ಲಿ ಗುಗ್ಗರಿ, ಕೂಸಿಗೆ ಕುಲಾವಿ, ಕಾಲಗಡಗ. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿ, ಸೀರೆ ಹಾಸಿ, ಜೋಗುಳಕ್ಕೆ ದನಿ ಸರಿಮಾಡಿಕೊಂಡರು. ಪದ್ಮಜಾ ತಕ್ಕಡಿ ತಂದಿದ್ದಳು. ಮರಿಬಸಪ್ಪ ಅಂಗಳದಲ್ಲಿ ಕೂತು, ಹೆಸರು ಏನಿಡಬೇಕೆಂದು ಇತರ ಗಂಡಸರಿಗೆ ಸಲಹೆ ಕೊಡುತ್ತಿದ್ದರು. ಅಯ್ಯನವರು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತಿದ್ದರು.

"ಸರೀರಿ," ಎಂದರು ಗುರುಲಿಂಗಮ್ಮ.

"ಮಲಗ್ಯಾರ. ಇಬ್ರೂ ಈಗ ಮಲಗ್ಯಾರ."

"ಎಬ್ಬಸ್ತೀನಿ. ಹದಿಮೂರು ದಿನ ಆತು, ಆಕಿ ಒಂದು ಸಲ ನರಳಿದ್ದು ಕೇಳಿಲ್ಲ, ಕೂಸು ಒಂದು ಸಲ ಅತ್ತಿದ್ದು ಕೇಳಿಲ್ಲ. ನನಗ ಹೊಟ್ಯಾಗ ಭಯ ಹುಟ್ಟೈತಿ."

"ನಮ್ಮ ಕೂಸು ಅಳಂಗಿಲ್ಲ," ಎಂದರು ಅಯ್ಯನವರು. ಈ ಹಂತದಲ್ಲಿ ಅವರು ಹೇಳಿದ ಏಕೈಕ ಸತ್ಯ ಇದು.

ಆಗ ಹೊರಗೆ ಆಟೋ ನಿಂತ ಸದ್ದಾಯಿತು. ಗುರುಲಿಂಗಮ್ಮ ತಿರುಗಿ ನೋಡಿದರು. ಹೆಂಗಸರೆಲ್ಲ ತಿರುಗಿ ನೋಡಿದರು. ಬೀದಿಬಾಗಿಲಲ್ಲಿ ಚೀಲ ಹಿಡಿದು ಮಹಾಂತಮ್ಮ ನಿಂತಿದ್ದರು, ಹಿಂದೆ ಸೋಮೇಶ್.

ನಡೆದದ್ದು ಇಷ್ಟು. ಕೌತಾಳಂನ ಆಶಾ ಕಾರ್ಯಕರ್ತೆ ಊರಿನ ಅರ್ಧ ಮನೆ ಸುತ್ತಿ, ಕೊನೆಗೆ ಆ ದಿನ ಬೆಳಿಗ್ಗೆ ಸೋಮೇಶನ ಮನೆ ಹುಡುಕಿಕೊಂಡು ಹೋಗಿ, ಇಲ್ಲಿ ಹಡೆದು ಆದವಾನಿಗೆ ಹೋದ ಮಹಾಂತಮ್ಮ ಯಾರು ಎಂದು ಕೇಳಿದ್ದಳು. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ಮಹಾಂತಮ್ಮ, ನಾನೇ ಎಂದರು. ನೀವು ಇಲ್ಲಿದ್ದರೆ ಆದವಾನಿಯ ನಿಮ್ಮ ಮನೆಯಲ್ಲಿ ಕೂಸಿನ ಜೊತೆ ಮಲಗಿರುವ ಬಾಣಂತಿ ಯಾರಮ್ಮ ಎಂದು ಆ ಹುಡುಗಿ ಮುಗ್ಧವಾಗಿ ಕೇಳಿತು. ಇಂದು ತೊಟ್ಟಿಲಿಗೆ ಹಾಕುತ್ತಾರಂತೆ ಎಂದೂ ಸೇರಿಸಿತು. ಶೇಂಗಾದ ಬುಟ್ಟಿ ಎಲ್ಲಿ ಹೋಗಿ ಬಿತ್ತೋ ಗೊತ್ತಿಲ್ಲ, ಮಹಾಂತಮ್ಮ ಬಸ್ಸಿನಲ್ಲಿದ್ದರು.

"ಏ ಹುಚ್ಚಿ," ಎಂದರು ಗುರುಲಿಂಗಮ್ಮ, "ಹಸಿ ಬಾಣಂತಿ ಗಾಳಿಗೆ ಯಾಕ ಹೋಗಿದ್ದಿ? ಕಿವಿಗೆ ಬಟ್ಟಿ ಎಲ್ಲಿ?"

ಮಹಾಂತಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತೊಟ್ಟಿಲು ನೋಡಿದರು. ಗಂಡನ ತುಂಬಿದ ಗಲ್ಲ ನೋಡಿದರು. "ಎಲ್ಲದಾಳ ಆಕಿ?"

"ಯಾಕಿ?" ಎಂದರು ಗುರುಲಿಂಗಮ್ಮ.

"ಒಳಗ ಮಲಗಿರಾಕಿ."

ಹದಿನೈದು ಹೆಂಗಸರು ಮಹಾಂತಮ್ಮನನ್ನು ನೋಡಿದರು, ಮುಚ್ಚಿದ ಬಾಗಿಲನ್ನು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಅಯ್ಯನವರನ್ನು ನೋಡಿದರು. ಮಹಾಂತಮ್ಮ ಇಲ್ಲಿದ್ದಾರೆ ಅಂದರೆ ಇಷ್ಟು ದಿನ ಸಾರು ಉಂಡವಳು ಯಾರು? ಅಂಗಳದಲ್ಲಿ ಮರಿಬಸಪ್ಪ ಮೆಲ್ಲನೆ ಎದ್ದು, ಚಪ್ಪಲಿ ಮೆಟ್ಟಿ, ತಮಗೂ ಇವರಿಗೂ ಪರಿಚಯವಿಲ್ಲದವರ ಹಾಗೆ ಬೀದಿಯ ಕಡೆ ಮುಖ ಮಾಡಿ ನಿಂತರು.

"ಮಹಾಂತೀ, ನಾ ಹೇಳೋದು ಕೇಳು," ಎಂದರು ಅಯ್ಯನವರು.

"ಸರೀರಿ," ಎಂದರು ಮಹಾಂತಮ್ಮ. ಇದೇ ಮಾತನ್ನು ಗುರುಲಿಂಗಮ್ಮ ಹೇಳಿದಾಗ ಅಯ್ಯನವರು ಅಲ್ಲಾಡಿರಲಿಲ್ಲ. ಈಗ ಸರಿದರು.

ಬಾಗಿಲು ತೆರೆಯಿತು. ಬಿಸಿ ಹಬೆ, ಸಾಂಬ್ರಾಣಿ ಹೊಗೆ. ಮಹಾಂತಮ್ಮ ಕಿಟಕಿಯ ದುಪ್ಪಟಿ ಕಿತ್ತೆಸೆದರು. ಕೋಣೆಯಲ್ಲಿ ಯಾವ ಹೆಂಗಸೂ ಇರಲಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರು, ಶೆಗಡಿ ಇತ್ತು. ಆಗ ಕಂಬಳಿ ಎಳೆದರು. ಗುರುಲಿಂಗಮ್ಮ "ಕೂಸು, ಕೂಸು, ಮೆಲ್ಲಕ," ಎಂದು ಕೈ ಅಡ್ಡ ತಂದರು. ಮೊರದಲ್ಲಿ ಒದ್ದೆ ಬಟ್ಟೆಯ ಸುರುಳಿ ಇತ್ತು. ಪದ್ಮಜಾ ಅದನ್ನು ಬಿಡಿಸಿದಳು, ಇನ್ನೊಂದು ಮಡಿಕೆ ಬಿಡಿಸಿದಳು, ಮತ್ತೊಂದು ಬಿಡಿಸಿದಳು. ಕೊನೆಗೆ ತಕ್ಕಡಿಯನ್ನು ಕೆಳಗಿಟ್ಟು ಮಂಚದ ಮೇಲೆ ಕೂತಳು.

"ಮಿರಪ ಗಿಂಜಲು," ಎಂದಳು. "ಮೆಣಸಿನಕಾಯಿ ಬೀಜ ಸಾರ್ ಇವು."

ಆಮೇಲೆ ಸೋಮೇಶ್ ಗೋಡೆಗೆ ಒರಗಿ ನಗಲು ಶುರುಮಾಡಿದ, ನಕ್ಕು ನಕ್ಕು ಕೆಳಗೆ ಕುಸಿದ. ಹೆಂಗಸರಿಗೂ ಅದು ಹತ್ತಿತು. ಗುರುಲಿಂಗಮ್ಮನೊಬ್ಬರೇ ನಗಲಿಲ್ಲ. ಮೂವತ್ತು ಬಾಣಂತನ ಮಾಡಿದವರು ಮೆಣಸಿನಕಾಯಿಗೆ ಮೂವತ್ತೊಂದನೆಯದು ಮಾಡಿದ್ದರು.

ಅಯ್ಯನವರು ಕೈ ಕಟ್ಟಿ ನಿಂತರು. ಇನ್ನು ಹೇಳಲು ಸುಳ್ಳು ಉಳಿದಿರಲಿಲ್ಲ.

"ಆಕಿ ನನ್ನ ಬಿಟ್ಟು ಹೋಗಿದ್ದಳು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಬೀಜ ಮೊಳಕಿ ಒಡದ್ರ ಬರ್ತೀನಿ ಅಂದಿದ್ದಳು. ನಿಮಗ ಹೇಳಾಕ ನಾಚಿಕಿ ಬಂತು, ಒಳಗ ಮಲಗ್ಯಾಳ ಅಂದೆ. ಹದಿನೆಂಟು ದಿನ ಆತು. ಒಂದೂ ಒಡದಿಲ್ಲ." ಹೆಂಡತಿಯ ಕಡೆ ತಿರುಗಿದರು. "ನೀ ಇಲ್ಲದ ಮನ್ಯಾಗ ನನಗ ಇರಾಕ ಆಗವಲ್ಲದು ಮಹಾಂತೀ. ಮಾತು ಅಂದ್ರ ಮಾತು, ನಾ ಸೋತೀನಿ. ನೀ ಹೋಗ್ತೀನಿ ಅಂದ್ರ ತಡಿಯಂಗಿಲ್ಲ."

ನಗು ನಿಂತಿತು. ಮಹಾಂತಮ್ಮ ಒಂದು ಬೀಜ ಎತ್ತಿಕೊಂಡು ಬೆರಳಲ್ಲಿ ಹೊರಳಿಸಿದರು.

"ಇವು ಜನ್ಮದಾಗ ಒಡಿಯಂಗಿಲ್ಲ," ಎಂದರು. "ನಾ ಖಾರಪುಡಿಗೆ ಅಂತ ಎಣ್ಣ್ಯಾಗ ಹುರದು ಇಟ್ಟಿದ್ದ ಕಾಯಿ ಅವು."

ಹುರಿದ ಬೀಜಕ್ಕೆ ಅಯ್ಯನವರು ಹದಿನೆಂಟು ದಿನ ಬಾಣಂತನ ಮಾಡಿದ್ದರು.

"ನಿನಗ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಾಕ ಬಂದೆ, ನಿನಗೇನು ಗೊತ್ತು ಅಂದ್ರಿ. ನನಗೂ ಸಿಟ್ಟು ಬಂತು, ಮೊಳಕಿ ಒಡದ ದಿನ ಬರ್ತೀನಿ ಅಂತ ಬಾಯಿಗೆ ಬಂದದ್ದು ಅಂದುಬಿಟ್ಟೆ." ಮಹಾಂತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಬಸ್ಸು ಹತ್ತಿದ ಮ್ಯಾಲೆ ತಿಳೀತು, ಹುರದ ಬೀಜ ಒಡಿಯಂಗಿಲ್ಲ, ನಾ ಇನ್ನ ಬರಂಗಿಲ್ಲ ಅಂತ. ನೀವು ಒಂದು ಸಲ ಫೋನ್ ಮಾಡಿದ್ರೂ ಬರ್ತಿದ್ದೆ."

ಗುರುಲಿಂಗಮ್ಮ ತಮ್ಮ ಕಣ್ಣನ್ನೂ ಒರೆಸಿಕೊಂಡರು. ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತ, ಹೋಗಬೇಕೋ ಇರಬೇಕೋ ತಿಳಿಯದೆ ನಿಂತರು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ಇಷ್ಟು ಜನರ ಮುಂದೆ ಯಾರು ಮೊದಲು ಸೋಲುವುದು? ಒಬ್ಬರಂತೂ ಸೋತಾಗಿತ್ತು.

ಸೋಮೇಶನಿಗೆ ಇದ್ಯಾವುದೂ ತಿಳಿಯಲಿಲ್ಲ. ಅವನು ಕಣ್ಣೀರು ಒರೆಸಿಕೊಂಡು ಎದ್ದು, ಗಡಿಯಾರ ನೋಡಿ, ಅಕ್ಕನ ಚೀಲ ಕೈಗೆತ್ತಿಕೊಂಡ. "ನಡಿ ಅಕ್ಕಾ. ಯಾರೂ ಇಲ್ಲ, ಏನೂ ಇಲ್ಲ, ಖಾಲಿ ಪೀಲಿ ಓಡಿ ಬಂದ್ವಿ. ನಾಲ್ಕರ ಕೌತಾಳ ಬಸ್ಸು ಸಿಗ್ತೈತಿ."

ಮಹಾಂತಮ್ಮ ಮಂಚದ ಮೇಲೆ ಪದ್ಮಜಾಳ ಪಕ್ಕ ಕೂತರು. ಕಾಲು ಮೇಲೆ ಎಳೆದುಕೊಂಡು, ಆ ಪುಟ್ಟ ಕಂಬಳಿಯನ್ನು ತೊಡೆಯ ಮೇಲೆ ಹಾಕಿಕೊಂಡರು.

"ನೀ ಹೋಗು," ಎಂದರು ತಮ್ಮನಿಗೆ. "ಹಸಿ ಬಾಣಂತಿ ನಾನು. ಮೂರು ತಿಂಗಳು ಬಸ್ಸು ಹತ್ತಬಾರದು ಅಂತ ಗುರುಲಿಂಗಮ್ಮೋರು ಹೇಳ್ಯಾರ."